ಕರಾವಳಿ ಮನೆಯ ಫೋಟೋ, ಕಲಬುರಗಿಯ ಬಿಸಿಲು: ನಮ್ಮ ನೆಲಕ್ಕೆ ಒಪ್ಪುವ ಹೊಸ ಮನೆ ಕಟ್ಟೋದು ಹೇಗೆ

ಮನೆ ಕಟ್ಟಿಸಬೇಕು ಅಂತ ಹೊರಟವರ ಫೋನಿನಲ್ಲಿ ಈಗ ಒಂದೇ ತರದ ಫೋಟೋಗಳು. ಸುತ್ತ ತೆಂಗು, ಮೇಲೆ ಇಳಿಜಾರು ಹೆಂಚು, ನೆಲದಿಂದ ಮಾಡಿನ ತನಕ ಗಾಜು, ಎರಡೂ ಕಡೆ ಬಯಲಿಗೆ ತೆರೆದ ಹಾಲ್, ನಡುವೆ ಒಂದು ಪುಟ್ಟ ಕೊಳ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಹೆಸರುವಾಸಿ ಮಾಡಿದ ಶೈಲಿ ಅದು, ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಫೋಟೋ ತೋರಿಸಿದರೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೇ ಗೌಂಡಿ ಒಂದು ನಿಮಿಷ ನೋಡಿ, ಫೋನ್ ವಾಪಸ್ ಕೊಟ್ಟು, "ಸರ, ಇದು ನಮ್ಮ ಬಿಸಲಿಗಿ ನಡ್ಯಂಗಿಲ್ರಿ" ಅಂತಾನೆ. ಅವನು ಹೇಳೋದು ಸರಿ. ಯಾಕೆ ಸರಿ ಅನ್ನೋದು ಮೊದಲು ಗೊತ್ತಾಗಬೇಕು, ಆಮೇಲೆ ಆ ಫೋಟೋದಿಂದ ಏನು ತಗೋಬಹುದು, ಏನು ಬಿಡಬೇಕು ಅಂತ ನೀವೇ ನಿರ್ಧರಿಸಬಹುದು.

ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಕಲಬುರಗಿಗೆ ಸುಮಾರು 750. ಕರಾವಳಿಯಲ್ಲಿ ಮೇ ತಿಂಗಳಲ್ಲಿ ಹಗಲು 33–34 ಡಿಗ್ರಿ ಇದ್ದರೆ ರಾತ್ರಿ 26, ಅಂದರೆ ಹಗಲಿಗೂ ರಾತ್ರಿಗೂ ಹೆಚ್ಚು ವ್ಯತ್ಯಾಸ ಇಲ್ಲ, ಗಾಳಿಯಲ್ಲಿ ಸದಾ ತೇವ. ಅಲ್ಲಿನ ಕಷ್ಟ ಬೆವರು. ಬೆವರು ಆರಬೇಕಾದರೆ ಗಾಳಿ ಆಡಬೇಕು, ಹಾಗಾಗಿ ಮನೆ ಹಗಲೂ ರಾತ್ರಿ ತೆರೆದೇ ಇರುತ್ತದೆ. ಮಳೆ ಗೋಡೆಗೆ ಹೊಡೆಯಬಾರದು ಅಂತ ಮಾಡು ಕಡಿದಾಗಿ ಇಳಿದು ಹೊರಗೆ ಚಾಚಿರುತ್ತದೆ. ನಮ್ಮಲ್ಲಿ? ಮೇ ಮಧ್ಯಾಹ್ನ 42 ದಾಟುತ್ತದೆ, ಗಾಳಿ ಒಣ, ಅದೂ ಬಿಸಿ ಗಾಳಿ. ನಸುಕಿಗೆ 26–27ಕ್ಕೆ ಇಳಿಯುತ್ತದೆ. ಡಿಸೆಂಬರ್‌ನಲ್ಲಿ ಹಗಲು 30, ನಸುಕು 15. ಇಂಥ ಊರಲ್ಲಿ ಮಧ್ಯಾಹ್ನ ಕಿಟಕಿ ತೆರೆದರೆ ಬಿಸಿಯನ್ನು ಕರೆದು ಒಳಗೆ ಕೂರಿಸಿದಂಗೆ. ಬೇಸಿಗೆಯಲ್ಲಿ ನಮ್ಮ ಮನೆ ಹಗಲು ಮುಚ್ಚಿರಬೇಕು, ರಾತ್ರಿ ಪೂರ್ತಿ ತೆರೆಯಬೇಕು. ಆದರೆ ಜೂನ್ ಬಂದ ಮೇಲೆ, ತೇವ ಏರಿದಾಗ, ಅದೇ ಮನೆ ಕರಾವಳಿ ಮನೆಯ ಹಾಗೆ ಹಗಲೂ ತೆರೆದು ಉಸಿರಾಡಬೇಕು. ಕೆಳಗೆ ಹೇಳೋದೆಲ್ಲ ಈ ಮುಚ್ಚೋ-ತೆರೆಯೋ ಲೆಕ್ಕದ ಮೇಲೇ ನಿಂತಿದೆ.

1. ನಕ್ಷೆಗೆ ಮೊದಲು ಸೈಟಿನಲ್ಲಿ ಕೂತು ನೋಡಿ

ಎಂಜಿನಿಯರ್ ಹತ್ತಿರ ಹೋಗೋ ಮೊದಲು ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸೈಟಿಗೆ ಹೋಗಿ ನಿಲ್ಲಿ. ಪಕ್ಕದ ಮನೆಯ ನೆರಳು ಎಲ್ಲಿ ತನಕ ಬರುತ್ತದೆ, ಮಳೆ ನೀರು ಯಾವ ಕಡೆ ಹರಿದ ಗುರುತಿದೆ, ಗಾಳಿ ಯಾವ ಓಣಿಯಿಂದ ನುಗ್ಗುತ್ತದೆ, ಎಲ್ಲ ಬರೆದುಕೊಳ್ಳಿ. ಮುಂಗಾರಿನ ಗಾಳಿ ನಮಗೆ ಪಶ್ಚಿಮ, ನೈಋತ್ಯದಿಂದ ಬರುತ್ತದೆ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಎಪ್ರಿಲ್, ಮೇ ಸಂಜೆಯ ಗುಡುಗು ಮಳೆಗೆ ಮುಂಚೆ ಬರೋ ಧೂಳಿನ ಗಾಳಿ ಬೇರೇನೇ, ಅದಕ್ಕೆ ದಿಕ್ಕು ದೆಸೆ ಇಲ್ಲ, ಹೊತ್ತಿಗೆ ಸರಿಯಾಗಿ ಕಿಟಕಿ ಹಾಕಿಕೊಳ್ಳೋದೊಂದೇ ದಾರಿ.

ಸೂರ್ಯನ ಲೆಕ್ಕ ಮಾತ್ರ ಪಕ್ಕಾ ಇರಬೇಕು. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ಎರಡನೇ ವಾರದ ಆಸುಪಾಸು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಆಮೇಲೆ ಆಗಸ್ಟ್ ಮೊದಲ ವಾರದ ತನಕ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಸರಿದಿರುತ್ತಾನೆ. ಜೂನ್‌ನಲ್ಲಿ ಮುಳುಗೋ ಜಾಗ ನೇರ ಪಶ್ಚಿಮದಿಂದ ಸುಮಾರು 25 ಡಿಗ್ರಿ ಉತ್ತರಕ್ಕಿರುತ್ತದೆ. "ಉತ್ತರಕ್ಕೆ ಬಿಸಿಲೇ ಬರಲ್ಲ, ದೊಡ್ಡ ಗಾಜು ಹಾಕಿ" ಅನ್ನೋ ಸಲಹೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಬೇಸಿಗೆಯ ಕೊನೆಗೆ ಬೆಳಿಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ಉತ್ತರದ ಕಿಟಕಿಗೆ ಓರೆಯಾಗಿ ಬಿಸಿಲು ಬಿದ್ದೇ ಬೀಳುತ್ತದೆ. ಬದಿಗೆ ಒಂದು ಫರಸಿ ಕಲ್ಲನ್ನು (ಚಪ್ಪಡಿ) ನಿಲ್ಲಿಸಿ ಕಟ್ಟಿದರೆ ಆ ಬಿಸಿಲನ್ನು ತಡೆಯುತ್ತದೆ.

2. ಮಣ್ಣು: ದುಡ್ಡು ಇಲ್ಲಿ ಸುರಿಯಿರಿ, ಎಲಿವೇಶನ್‌ಗೆ ಅಲ್ಲ

ಕಲಬುರಗಿ ಜಿಲ್ಲೆಯ ಬಹುಪಾಲು ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿ. ತೊಗರಿಗೆ ಬಂಗಾರ, ಮನೆಗೆ ತಲೆನೋವು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿನ ಸುಮಾರು ಹತ್ತು–ಹನ್ನೆರಡು ಅಡಿ ಮಣ್ಣು ವರ್ಷವಿಡೀ ಹೀಗೆ ಏರಿಳಿತ ಮಾಡುತ್ತಲೇ ಇರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗೋ ಬಿರುಕು ನೋಡಿರುತ್ತೀರಲ್ವಾ? ಪುಟ್ಟಿ ಹಚ್ಚಿದರೂ ಮುಂದಿನ ಮಳೆಗಾಲ ಕಳೆದು ಅದೇ ಜಾಗದಲ್ಲಿ ಬರುತ್ತದೆ. ಅದು ಗಿಲಾವಿನ ದೋಷ ಅಲ್ಲ, ಪಾಯದ್ದು.

ಮೊದಲು ಸೈಟಿನ ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ. ಎಷ್ಟು ಅಡಿ ಕೆಳಗೆ ಮುರುಮ್ (ಗಟ್ಟಿ ಗರಸು ಮಣ್ಣು) ಅಥವಾ ಕಲ್ಲು ಸಿಗುತ್ತದೆ ನೋಡಿ. ಒಂದೇ ಲೇಔಟಿನಲ್ಲಿ ಒಂದು ಕಡೆ ನಾಲ್ಕು ಅಡಿಗೇ ಕಲ್ಲು ಹತ್ತಿರುತ್ತದೆ, ಇನ್ನೊಂದು ಕಡೆ ಹನ್ನೆರಡು ಅಡಿಗೂ ಎರೆಯೇ ಇರುತ್ತದೆ, ಪಕ್ಕದವರ ಪಾಯ ನೋಡಿ ನಿಮ್ಮದನ್ನು ತೀರ್ಮಾನ ಮಾಡಬೇಡಿ. ಮಣ್ಣು ಎಷ್ಟು ಉಬ್ಬುತ್ತದೆ ಅಂತ ಅಂದಾಜು ಬೇಕಾದರೆ ಒಂದು ಸುಲಭದ ಪರೀಕ್ಷೆ ಇದೆ. ಒಣಗಿದ ಮಣ್ಣನ್ನು ಪುಡಿ ಮಾಡಿ, ನಯವಾಗಿ ಜರಡಿ ಹಿಡಿದು, ಅಳತೆ ಗುರುತು ಇರೋ ಗಾಜಿನ ಕೊಳವೆಗೆ 100 ಎಂಎಲ್ ನೀರು ತುಂಬಿ, ಅದರಲ್ಲಿ 10 ಎಂಎಲ್ ಪುಡಿ ನಿಧಾನಕ್ಕೆ ಸುರಿಯಿರಿ. ಒಂದು ದಿನ ಅಲುಗಾಡಿಸದೆ ಬಿಡಿ. ಕೆಳಗೆ ಕೂತ ಮಣ್ಣು 15ರ ಗುರುತು ದಾಟಿದ್ದರೆ ಜೋಪಾನ. 20 ದಾಟಿದ್ದರೆ ಮಾಮೂಲಿ ಪಾಯದ ಆಸೆ ಬಿಡಿ. ಇದು ನಿಮ್ಮ ತಿಳಿವಳಿಕೆಗೆ ಮಾತ್ರ, ಲ್ಯಾಬಿನ ಮಣ್ಣು ಪರೀಕ್ಷೆ ತಪ್ಪಿಸೋಕೆ ಅಲ್ಲ.

ಮುರುಮ್ ಹತ್ತಿರದಲ್ಲೇ ಸಿಕ್ಕರೆ ಎರೆ ಪೂರ್ತಿ ತೆಗೆದು ಗಟ್ಟಿ ನೆಲದ ಮೇಲೆ ಫುಟಿಂಗ್ ಕೂರಿಸಿ. ಆಳದಲ್ಲಿದ್ದರೆ ಅಂಡರ್-ರೀಮ್ಡ್ ಪೈಲ್ ಒಳ್ಳೆಯದು. ನೆಲಕ್ಕೆ ಕೊರೆದ ಕಂಬದ ತುದಿಯಲ್ಲಿ ಕಾಂಕ್ರೀಟ್ ಗಡ್ಡೆಯಂತೆ ಅಗಲವಾಗಿರುತ್ತದೆ, ಮೇಲಿನ ಮಣ್ಣು ಉಬ್ಬಿದರೂ ಕಂಬ ಎದ್ದು ಬರಲ್ಲ. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ ಇಳಿಸುತ್ತಾರೆ. ಕಂಬಗಳನ್ನು ನೆಲಮಟ್ಟದ ಕಾಂಕ್ರೀಟ್ ತೊಲೆ, ಅಂದರೆ ಪ್ಲಿಂತ್ ಬೀಮ್, ಕಟ್ಟಿ ಹಿಡಿಯುತ್ತದೆ. ಆ ಬೀಮಿನ ಕೆಳಗೆ ಮೂರು ಇಂಚಿನಷ್ಟಾದರೂ ಖಾಲಿ ಜಾಗ ಬಿಡಿಸಿ, ಇದನ್ನು ನಿಂತು ನೋಡಿ ಮಾಡಿಸಬೇಕು. ಮಣ್ಣು ಉಬ್ಬಿದಾಗ ಅದಕ್ಕೆ ಏಳೋಕೆ ಜಾಗ ಬೇಕು. ಜಾಗ ಇಲ್ಲದಿದ್ದರೆ ಬೀಮನ್ನೇ ಎತ್ತುತ್ತದೆ.

ಮನೆಯ ನೆಲದ ಕೆಳಗೂ ಎರೆ ಬಿಡಬೇಡಿ. ಅಗೆದು ತೆಗೆದು, ಮುರುಮನ್ನು ಆರೆಂಟು ಇಂಚಿನ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ಧಮ್ಮಸ್ ಮಾಡಿಸಿ. ಪಾಯ ತೋಡಿ ಬಂದ ಎರೆಯನ್ನೇ ಒಳಗೆ ತುಂಬಿ "ನೀರು ಬಿಟ್ಟರೆ ಕೂತ್ಕೊಳ್ತದ ಬಿಡ್ರಿ" ಅನ್ನೋರಿಗೆ ಅಲ್ಲೇ ಬೇಡ ಅನ್ನಿ. ಕೊನೆಯದಾಗಿ, ಮನೆ ಸುತ್ತ ಮೂರು–ನಾಲ್ಕು ಅಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಫರಸಿ ಹಾಸಿಸಿ. ಪಾಯದ ಬುಡದ ಮಣ್ಣಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಅರ್ಧ ತೊಂದರೆ ತಪ್ಪಿದಂತೆ.

ಬೀದರ್ ಊರಿನ ಎತ್ತರದ ನೆಲದಲ್ಲಿ ಕೆಂಪು ಕಲ್ಲಿನ ಪದರ ಇರೋ ಕಡೆ, ಯಾದಗಿರಿಯ ಗುಡ್ಡದ ಬದಿಯ ಗಟ್ಟಿ ಕಲ್ಲಿನ ನೆಲದಲ್ಲಿ ಈ ಗೋಳು ಕಡಿಮೆ. ಆದರೂ ಗುಂಡಿ ತೋಡಿ ನೋಡೋದು ಬಿಡಬೇಡಿ.

3. ಕೋಣೆಗಳನ್ನು ಬಿಸಿಲಿನ ಪ್ರಕಾರ ಜೋಡಿಸಿ

ಪಶ್ಚಿಮದ ಗೋಡೆ ನಮ್ಮ ಶತ್ರು. ಅಲ್ಲಿಗೆ ಮೆಟ್ಟಿಲು, ಬಚ್ಚಲು, ಸ್ಟೋರ್, ಬಟ್ಟೆಯ ಕಪಾಟು, ಇಂಥವನ್ನು ತಳ್ಳಿ. ಅವು ಬಿಸಿಯಾದರೆ ಯಾರಿಗೂ ನಷ್ಟ ಇಲ್ಲ, ಒಳಗಿನ ಕೋಣೆಗೆ ಅವೇ ಗುರಾಣಿ. ಮಲಗೋ ಕೋಣೆ ಪೂರ್ವಕ್ಕೋ ಉತ್ತರಕ್ಕೋ ಇರಲಿ. ವಾಸ್ತು ನೋಡೋರು ಯಜಮಾನರ ಕೋಣೆ ನೈಋತ್ಯಕ್ಕೇ ಬರಬೇಕು ಅಂತಾರೆ. ಮನೆಯ ಹಿರಿಯರ ಜೊತೆ ಜಗಳ ಬೇಡ. ನೈಋತ್ಯದಲ್ಲೇ ಇಡಿ, ಆದರೆ ಪಶ್ಚಿಮದ ಗೋಡೆಗೆ ಪೂರ್ತಿ ಕಪಾಟು ಕಟ್ಟಿ, ಆ ಕಡೆ ಕಿಟಕಿ ಬಿಡದೆ ದಕ್ಷಿಣಕ್ಕೆ ಕಿಟಕಿ ಕೊಡಿ. ಅಡುಗೆಮನೆ ಆಗ್ನೇಯಕ್ಕೆ ಬಂದರೆ ಬಿಸಿಲಿನ ಲೆಕ್ಕಕ್ಕೂ ಸರಿಯೇ, ಸಂಜೆಯ ಅಡುಗೆ ಹೊತ್ತಿಗೆ ಆ ಮೂಲೆ ನೆರಳಲ್ಲಿರುತ್ತದೆ.

ನಮ್ಮ ಹಳೇ ವಾಡೆಗಳನ್ನು ನೆನಪಿಸಿಕೊಳ್ಳಿ. ತಲಬಾಗಿಲು, ಅದರಾಚೆ ನಡುವೆ ಅಂಗಳ, ಅಂಗಳದ ಸುತ್ತ ಪಡಸಾಲೆ, ಅದರ ಹಿಂದೆ ಕತ್ತಲು ಕತ್ತಲಾದ ತಂಪು ಕೋಣೆಗಳು. ಬೀದಿಗೆ ಕಿಟಕಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಾತ್ರಿ ತಂಪು ಗಾಳಿ ಅಂಗಳಕ್ಕೆ ಇಳಿದು ಕೂರುತ್ತದೆ, ಬೆಳಿಗ್ಗೆ ಹತ್ತು–ಹನ್ನೊಂದರ ತನಕ ಆ ತಂಪು ಉಳಿಯುತ್ತದೆ. ಕರಾವಳಿ ಫೋಟೋದ ನಡುವಿನ ತೆರೆದ ಜಾಗವೂ ಇದೇ ತಾನೇ? ಅಲ್ಲಿ ಅದು ಮಳೆ ನೋಡೋಕೆ, ಗಾಳಿ ಆಡೋಕೆ. ಇಲ್ಲಿ ತಂಪು ಹಿಡಿದಿಡೋಕೆ. ಅದಕ್ಕೇ ಇಲ್ಲಿ ಅಂಗಳ ಅಗಲವಾಗಿರಬಾರದು, ಆಳವಾಗಿರಬೇಕು, ಅಂದರೆ ಸುತ್ತಲಿನ ಗೋಡೆಯ ಎತ್ತರಕ್ಕಿಂತ ಅಗಲ ಕಡಿಮೆ.

30×40 ಸೈಟಿನಲ್ಲಿ ಅಂಗಳಕ್ಕೆ ಜಾಗ ಎಲ್ಲಿ ಅಂತ ಕೇಳಬೇಡಿ. ಆರು ಅಡಿಗೆ ಎಂಟು ಅಡಿ ಸಾಕು. ಮೆಟ್ಟಿಲ ಪಕ್ಕ ಬಿಟ್ಟರೆ ಮೆಟ್ಟಿಲ ಮೇಲಿನ ಕೋಣೆಯಿಂದ ಬಿಸಿ ಗಾಳಿ ಹೊರಗೆ ಹೋಗೋಕೂ ಅದೇ ದಾರಿ. ಮೇಲೆ ಕಬ್ಬಿಣದ ಜಾಳಿಗೆ ಹಾಕಿ, ಕಳ್ಳರಿಗೂ ಕೋತಿಗಳಿಗೂ. ಬೇಸಿಗೆಯಲ್ಲಿ ಹಗಲು ಅದರ ಮೇಲೆ ಎಳೆಯೋಕೆ ಒಂದು ದಪ್ಪ ಬಟ್ಟೆಯ ಪರದೆ ಇರಲಿ, ಸಂಜೆ ಸರಿಸಿಬಿಡಿ. ಅಂಗಳಕ್ಕೆ ಮೇಲಿಂದ ಪೂರ್ತಿ ಗಾಜು ಅಥವಾ ಪಾಲಿಕಾರ್ಬೊನೇಟ್ ಶೀಟ್ ಮುಚ್ಚಿಸಿದರೆ ಮಾತ್ರ ಮುಗೀತು, ಮನೆಯ ನಡುವೆ ಒಲೆ ಕೂರಿಸಿದ ಲೆಕ್ಕ.

ಸಾಧ್ಯವಾದರೆ ಮೇ ತಿಂಗಳ ಒಂದು ಮಧ್ಯಾಹ್ನ ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ಹೋಗಿ ಬನ್ನಿ. 1367ರಲ್ಲಿ ಕಟ್ಟಿದ್ದು. ಮಸೀದಿ ಅಂದರೆ ನಡುವೆ ಬಯಲು ಅಂಗಳ ಇರೋದು ವಾಡಿಕೆ, ಇಲ್ಲಿ ಅದಿಲ್ಲ, ಪೂರ್ತಿ ಗುಮ್ಮಟಗಳಿಂದ ಮುಚ್ಚಿದೆ. ಬೆಳಕು ಬರೋದು ಅಂಚಿನ ಕಮಾನುಗಳಿಂದ. ದಪ್ಪ ಗೋಡೆ, ಎತ್ತರದ ಮಾಡು, ಅಂಚಿನಿಂದ ಮಾತ್ರ ಬೆಳಕು, ಈ ಮೂರು ಸೇರಿದರೆ ಏನಾಗುತ್ತದೆ ಅಂತ ಕಂಬಗಳ ನಡುವೆ ಐದು ನಿಮಿಷ ನಿಂತರೆ ಮೈಗೇ ಗೊತ್ತಾಗುತ್ತದೆ.

4. ಗೋಡೆ: ನಿಮ್ಮ ಜಿಲ್ಲೆಯ ಕಲ್ಲು ಯಾವುದು?

ಕಲಬುರಗಿಯವರಿಗೆ ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಸುಣ್ಣದ ಕಲ್ಲು. ಪದರ ಪದರವಾಗಿ ಏಳುವ ಕಲ್ಲಾದ್ದರಿಂದ ಫರಸಿಯನ್ನು ಒಂದರ ಮೇಲೊಂದು ಒಟ್ಟಿ ಗೋಡೆ ಕಟ್ಟಬಹುದು, ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಬೀದರ್‌ನವರಿಗೆ ಕೆಂಪು ಕಲ್ಲು, ಅಂದರೆ ಜಂಬಿಟ್ಟಿಗೆ. ತಮಾಷೆ ಏನಂದರೆ ಕರಾವಳಿ ಮನೆಗಳ ಫೋಟೋದಲ್ಲಿ ನೀವು ಮೆಚ್ಚಿಕೊಳ್ಳೋ ಆ ಕೆಂಪು ಗೋಡೆಯೂ ಇದೇ ಜಾತಿಯ ಕಲ್ಲು, ಅಲ್ಲಿ ಮುರಕಲ್ಲು ಅಂತಾರೆ. ಬೀದರ್ ಕೋಟೆ ಕಟ್ಟಿರೋದೂ ಅದರಲ್ಲೇ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಒಣಗಿದಂತೆ ಗಟ್ಟಿ. ತೂತು ತೂತಾಗಿರೋದರಿಂದ ನೀರು ಹೀರುತ್ತದೆ, ಆದ್ದರಿಂದ ನೆಲಕ್ಕೆ ತಾಗುವ ಎರಡು ವರಸೆ ಬೇರೆ ಗಟ್ಟಿ ಕಲ್ಲಿನದ್ದಾಗಲಿ. ಯಾದಗಿರಿಯಲ್ಲಿ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು ಸುತ್ತ ಗುಡ್ಡದಲ್ಲೇ ಇದೆ, ಪಾಯಕ್ಕೂ ಕೆಳಗಿನ ಗೋಡೆಗೂ ಅದಕ್ಕಿಂತ ಒಳ್ಳೆಯದು ಸಿಗಲ್ಲ.

ದಪ್ಪ ಗೋಡೆಯ ಗುಣ ಏನಂದರೆ ಬಿಸಿ ಒಳಗೆ ಬರೋದನ್ನು ತಡ ಮಾಡುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ದಾಟೋಕೆ ಬಿಸಿಗೆ ಸುಮಾರು ಏಳೆಂಟು ಗಂಟೆ ಬೇಕು. ಒಂದೂವರೆ ಅಡಿ ಕಲ್ಲಿನ ಗೋಡೆಗೆ ಇನ್ನೂ ಜಾಸ್ತಿ. ಮಧ್ಯಾಹ್ನದ ಬಿಸಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಆಗ ಕಿಟಕಿ ತೆರೆದು ಹೊರಗೆ ದಬ್ಬಬಹುದು. ನಾಲ್ಕೂವರೆ ಇಂಚಿನ ಗೋಡೆಯನ್ನು ಹೊರಗೋಡೆ ಮಾಡಿ ಜಾಗ ಉಳಿಸಿದೆವು ಅನ್ನೋರು ಆಮೇಲೆ ಎಸಿ ಬಿಲ್ಲಿನಲ್ಲಿ ಅದನ್ನು ತೀರಿಸುತ್ತಾರೆ. ಇಡೀ ಮನೆಗೆ ದಪ್ಪ ಗೋಡೆ ಆಗದಿದ್ದರೆ ಪಶ್ಚಿಮಕ್ಕೆ ಮಾತ್ರ ಜೋಡಿ ಗೋಡೆ ಕಟ್ಟಿ, ನಡುವೆ ಎರಡು ಇಂಚು ಖಾಲಿ ಬಿಡಿ. ಇಟ್ಟಿಗೆಯನ್ನು ಅಗಲಕ್ಕೆ ಮಲಗಿಸದೆ ಬದಿಗೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ರ್‍ಯಾಟ್ ಟ್ರ್ಯಾಪ್ ಪದ್ಧತಿಯೂ ಇದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಬಹಳ ಬಳಸಿದರು. ಇಟ್ಟಿಗೆ ಕಾಲು ಭಾಗದಷ್ಟು ಉಳಿತಾಯ ಆಗುತ್ತದೆ. ಆದರೆ ಗೌಂಡಿಗೆ ಮೊದಲು ಕಾಂಪೌಂಡಿನ ಒಂದು ತುಂಡು ಗೋಡೆಯಲ್ಲಿ ಕೈ ಪಳಗಿಸಲು ಬಿಡಿ.

ಕಲ್ಲಿನ ಗೋಡೆಯ ಮಾತು ಬಂದರೆ ಕಿಲ್ಲಾರಿಯನ್ನು ಮರೆಯುವ ಹಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರ್ ಪಕ್ಕದ ಲಾತೂರ್ ಸೀಮೆಯಲ್ಲಿ ಭೂಕಂಪ ಆದಾಗ ಜನ ಸತ್ತಿದ್ದು ಹೆಚ್ಚಾಗಿ ಇದೇ ತರದ ಮನೆಗಳ ಕೆಳಗೆ, ದಪ್ಪ ಕಲ್ಲಿನ ಗೋಡೆ, ಮಣ್ಣಿನ ಕೆಸರು, ಮೇಲೆ ಭಾರವಾದ ಮಣ್ಣಿನ ಮಾಳಿಗೆ. 2021ರಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲೂ ನೆಲ ನಡುಗಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು. ಹಾಗಂತ ಕಲ್ಲು ಬಿಡಬೇಕಿಲ್ಲ. ಹಳೇ ಗೋಡೆಯಲ್ಲಿ ಒಳಗೊಂದು ಹೊರಗೊಂದು ಸಾಲು ಕಲ್ಲು, ನಡುವೆ ಚೂರು ತುಂಬಿರುತ್ತಿತ್ತು. ನಡುಗಿದಾಗ ಎರಡು ಸಾಲೂ ಬೇರೆಯಾಗಿ ಬಿಚ್ಚಿಕೊಂಡವು. ಅದಕ್ಕೆ ಗೋಡೆಯ ಈಚೆಯಿಂದ ಆಚೆ ತನಕ ಹೋಗುವ ಉದ್ದ ಕಲ್ಲನ್ನು ಪ್ರತಿ ಎರಡು ಅಡಿ ಎತ್ತರಕ್ಕೆ, ನಾಲ್ಕು ಅಡಿಗೊಂದರಂತೆ ಕೂರಿಸಿ. ಸಿಮೆಂಟ್ ಗಾರೆಯಲ್ಲೇ ಕಟ್ಟಿ. ಪ್ಲಿಂತ್, ಲಿಂಟಲ್ (ಬಾಗಿಲು ಕಿಟಕಿಗಳ ಮೇಲ್ತುದಿ), ಮಾಡು, ಈ ಮೂರೂ ಮಟ್ಟದಲ್ಲಿ ಮನೆ ಸುತ್ತ ಎಲ್ಲೂ ತುಂಡಾಗದ ಕಾಂಕ್ರೀಟ್ ಪಟ್ಟಿ ಬರಲಿ.

5. ಮಾಳಿಗೆ

ಒಂದಂತಸ್ತಿನ ಮನೆಗೆ ಬಿಸಿ ಬರೋದು ಹೆಚ್ಚಾಗಿ ಮೇಲಿಂದ. ಎಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಸ್ಲ್ಯಾಬ್ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ. ಐದು ಇಂಚಿನ ಬರೀ ಕಾಂಕ್ರೀಟ್ ಸ್ಲ್ಯಾಬ್ ಆ ಬಿಸಿಯನ್ನು ಕೆಲವೇ ಗಂಟೆಯಲ್ಲಿ ಕೆಳಗೆ ಇಳಿಸುತ್ತದೆ, ಸರಿಯಾಗಿ ನೀವು ಊಟ ಮಾಡಿ ಮಲಗೋ ಹೊತ್ತಿಗೆ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಮೇಲೆ ಸುರಿಯುತ್ತದೆ.

ಹಾಗಾದರೆ ಇಳಿಜಾರು ಹೆಂಚು ಹಾಕಿದರೆ? 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಹೆಂಚು ಕರಾವಳಿಯ ಗುರುತೇ ಆಯಿತು, ಅಲ್ಲಿನ ಮಳೆಗೆ ಅದು ಸರಿ. ಅಲ್ಲೂ ಹೆಂಚಿನ ಕೆಳಗೆ ಅಟ್ಟ ಇರುತ್ತದೆ. ನಮ್ಮಲ್ಲಿ ತೆಳು ಹೆಂಚು ಬೇಗ ಕಾಯುತ್ತದೆ, ಸಂದಿಯಿಂದ ಧೂಳು ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ, ಬೇಸಿಗೆ ರಾತ್ರಿ ಹಾಸಿಗೆ ಹಾಸಿ ಮಲಗೋಕೆ ಮಾಳಿಗೆಯೇ ಇರಲ್ಲ! ಹೆಂಚಿನ ಆಸೆ ಇದ್ದರೆ ಮುಂದಿನ ಪಡಸಾಲೆಗೆ ಹಾಕಿ, ಚೆಂದವಾಗಿಯೂ ಇರುತ್ತದೆ, ಗೋಡೆಗೆ ನೆರಳೂ ಆಗುತ್ತದೆ. ಇನ್ನೊಂದು ಉಪಾಯ ಫಿಲ್ಲರ್ ಸ್ಲ್ಯಾಬ್. ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸ ಇಲ್ಲದ ಜಾಗದಲ್ಲಿ, ಸರಳುಗಳ ನಡುವೆ ಹಳೇ ಹೆಂಚನ್ನು ಜೋಡಿಯಾಗಿ ಕೂರಿಸಿ ಮೇಲೆ ಕಾಂಕ್ರೀಟ್ ಹಾಕುವುದು. ಕಾಂಕ್ರೀಟ್ ಉಳಿಯುತ್ತದೆ, ಹೆಂಚುಗಳ ನಡುವಿನ ಗಾಳಿ ಬಿಸಿಯನ್ನು ಸ್ವಲ್ಪ ತಡೆಯುತ್ತದೆ, ಕೆಳಗಿಂದ ನೋಡೋಕೆ ಕೆಂಪು ಚೌಕಗಳ ಸಾಲು. ಸರಳಿನ ಅಂತರ, ದಪ್ಪ ಎಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಕೊಡಬೇಕು. ಫೋಟೋ ನೋಡಿ ಮಾಡುವ ಕೆಲಸ ಇದಲ್ಲ.

ಮೇಲ್ಭಾಗಕ್ಕೆ ಹೀಗೆ ಮಾಡಿ. ಸ್ಲ್ಯಾಬ್ ಮೇಲೆ ಇಟ್ಟಿಗೆ ಚೂರಿನ ನಾಲ್ಕು ಇಂಚಿನ ಪದರ, ನೀರಿನ ಪೈಪಿನ ಕಡೆಗೆ ಇಳಿಜಾರಾಗಿ. ಅದರ ಮೇಲೆ ಒಡೆದ ಬಿಳಿ ಟೈಲ್ಸ್ ಚೂರು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಇಟ್ಟಿಗೆ ಚೂರು ಉಳಿದದ್ದನ್ನು ತಡೆಯುತ್ತದೆ. ಹಳೇ ಮಾಳಿಗೆ ಮನೆಗಳಲ್ಲಿ ತೊಲೆ, ಜಂತಿ ಮೇಲೆ ಒಂದು ಅಡಿ ಮಣ್ಣು ಮಾಡುತ್ತಿದ್ದ ಕೆಲಸವೇ ಇದು, ಆದರೆ ಆ ಭಾರ ಇಲ್ಲ. ದುಡ್ಡು ಕಡಿಮೆಯಿದ್ದರೆ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಸಲ ಬಳಿಯಿರಿ. ವರ್ಷ ವರ್ಷ ಬಳಿಯಬೇಕು, ಅಷ್ಟೇ. ಕೆಳಗಿಂದ ಜಿಪ್ಸಂ ಸೀಲಿಂಗ್ ಕಟ್ಟಿಸಿ ತಂಪು ಮಾಡ್ತೀವಿ ಅನ್ನೋರು ಸ್ಲ್ಯಾಬನ್ನು ಕಾಯೋಕೆ ಬಿಟ್ಟು ಆಮೇಲೆ ಮುಚ್ಚುತ್ತಾರೆ. ಬಿಸಿಯನ್ನು ಮೇಲೇ ತಡೆಯೋದು ಯಾವಾಗಲೂ ಲೇಸು.

ಸೋಲಾರ್ ಹಾಕಿಸುವವರು ಪ್ಯಾನೆಲ್ಲುಗಳನ್ನು ಸ್ಲ್ಯಾಬಿಗೆ ಅಂಟಿದಂತೆ ಕೂರಿಸದೆ ಏಳೆಂಟು ಅಡಿ ಎತ್ತರದ ಚೌಕಟ್ಟಿನ ಮೇಲೆ ಕೂರಿಸಿ. ಕರೆಂಟ್ ಜೊತೆಗೆ ನೆರಳು ಪುಕ್ಕಟೆ, ಕೆಳಗೆ ಬಟ್ಟೆ ಒಣಗಿಸಬಹುದು, ಹಪ್ಪಳ ಸಂಡಿಗೆಗೆ ಪಕ್ಕದಲ್ಲಿ ಬಿಸಿಲು ಇದ್ದೇ ಇದೆ. ಚೌಕಟ್ಟು ಮಾತ್ರ ಬೇಸಿಗೆಯ ಬಿರುಗಾಳಿ ತಡೆಯುವಷ್ಟು ಗಟ್ಟಿ ಇರಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ತನಕ ಸಹಾಯಧನ ಇದೆ, ಅರ್ಜಿ ಹಾಕುವ ಮುನ್ನ ಕರೆಂಟ್ ಕೊಡುವ ಜೆಸ್ಕಾಂ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

6. ಕಿಟಕಿ, ಚಜ್ಜಾ, ಬೆಳಕಿಂಡಿ

ದಕ್ಷಿಣದ ಕಿಟಕಿಗೆ ಎರಡು ಅಡಿ ಹೊರಗೆ ಚಾಚಿದ ಚಜ್ಜಾ (ಕಿಟಕಿ ಮೇಲಿನ ಸೂರು) ಸಾಕು. ಲೆಕ್ಕ ನೋಡಿ. ಮಾರ್ಚ್ ಮೂರನೇ ವಾರದ ಮಧ್ಯಾಹ್ನ ಸೂರ್ಯ ಸುಮಾರು 73 ಡಿಗ್ರಿ ಎತ್ತರದಲ್ಲಿರುತ್ತಾನೆ, ಆಗ ಎರಡು ಅಡಿ ಚಜ್ಜಾದ ನೆರಳು ಆರು ಅಡಿಗೂ ಕೆಳಗೆ ಇಳಿಯುತ್ತದೆ, ನಾಲ್ಕು ಅಡಿಯ ಕಿಟಕಿ ಪೂರ್ತಿ ನೆರಳಲ್ಲಿ. ಡಿಸೆಂಬರ್‌ನಲ್ಲಿ ಎತ್ತರ 49 ಡಿಗ್ರಿ, ನೆರಳು ಎರಡೂಕಾಲು ಅಡಿ ಮಾತ್ರ, ಕಿಟಕಿಯ ಕೆಳಭಾಗದಿಂದ ಹಿತವಾದ ಬಿಸಿಲು ಒಳಗೆ ಬರುತ್ತದೆ. ಚಳಿಗಾಲಕ್ಕೆ ಬೇಕಾದದ್ದೂ ಅದೇ. ಪೂರ್ವ ಪಶ್ಚಿಮಕ್ಕೆ ಈ ಲೆಕ್ಕ ನಡೆಯಲ್ಲ. ಸೂರ್ಯ ಅಲ್ಲಿ ಕೆಳಗೆ ಇಳಿದು ನೇರ ಎದೆಗೆ ಹೊಡೆಯುತ್ತಾನೆ, ಎಷ್ಟು ಉದ್ದ ಚಜ್ಜಾ ಕೊಟ್ಟರೂ ಅಷ್ಟೇ. ಆ ಕಡೆ ಕಿಟಕಿ ಸಣ್ಣದಿರಲಿ, ಹೊರಗೆ ಮರದ ಅಥವಾ ಅಲ್ಯೂಮಿನಿಯಂ ಪಟ್ಟಿಯ ಬಾಗಿಲು ಇರಲಿ, ಅಥವಾ ಜಾಲಿ ಇಟ್ಟಿಗೆ. ಪರದೆ ಒಳಗೆ ಕಟ್ಟಿದರೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ. ತಡೆ ಹೊರಗಿರಬೇಕು.

ಪ್ರತಿ ಕೋಣೆಗೆ ಎರಡು ಕಡೆ ತೆರವು ಬೇಕು, ಒಂದು ಕೆಳಗೆ, ಇನ್ನೊಂದು ಮಾಡಿನ ಹತ್ತಿರ. ಹಳೇ ಮನೆಯ ಬೆಳಕಿಂಡಿ ಮಾಡುತ್ತಿದ್ದದ್ದು ಇದನ್ನೇ, ಬಿಸಿ ಗಾಳಿ ಮೇಲೇರಿ ಹೊರಟುಹೋಗುತ್ತಿತ್ತು. ಈಗಿನ ಎಲಿವೇಶನ್ ಹುಚ್ಚಿನಲ್ಲಿ ಮೊದಲು ಮಾಯವಾಗಿದ್ದು ವೆಂಟಿಲೇಟರ್. ಕೇಳಿ ಹಾಕಿಸಿಕೊಳ್ಳಿ. ಎಲ್ಲದಕ್ಕೂ ಮುಚ್ಚೋ ಬಾಗಿಲು ಮತ್ತು ಸೊಳ್ಳೆ ಜಾಳಿಗೆ ಇರಲಿ. ರಾತ್ರಿ ಕಿಟಕಿ ತೆರೆದಿಡೋದು ಅಂದರೆ ಕಳ್ಳರ ಭಯಕ್ಕೂ ಸೊಳ್ಳೆಗೂ ಉತ್ತರ ಬೇಕಲ್ವಾ? ಗ್ರಿಲ್, ಜಾಳಿಗೆ ಎರಡೂ ಗಟ್ಟಿ ಇಲ್ಲದ ಮನೆಯಲ್ಲಿ ಯಾರೂ ಕಿಟಕಿ ತೆರೆಯಲ್ಲ, ಆಗ ಈ ವಿನ್ಯಾಸವೆಲ್ಲ ದಂಡ.

7. ಕೂಲರಿಗೆ ಜಾಗ ನಕ್ಷೆಯಲ್ಲೇ ಇರಲಿ

ಕೂಲರ್ ಕರಾವಳಿಯಲ್ಲಿ ಕೆಲಸ ಮಾಡಲ್ಲ, ಅಲ್ಲಿನ ಗಾಳಿ ಮೊದಲೇ ತೊಯ್ದಿರುತ್ತದೆ. ನಮ್ಮ ಒಣ ಗಾಳಿಗೆ ಅದು ವರ. ಆದರೆ ಮನೆ ಕಟ್ಟಿದ ಮೇಲೆ ಪಶ್ಚಿಮದ ಕಿಟಕಿ ಕಿತ್ತು ಕೂಲರ್ ತೂರಿಸುತ್ತಾರೆ, ಬಿಸಿಲಲ್ಲಿ ಕಾದ ಡಬ್ಬಿಯಿಂದ ತಂಪು ಎಲ್ಲಿಂದ ಬರಬೇಕು? ಉತ್ತರ ಅಥವಾ ಪೂರ್ವದ ನೆರಳಿನ ಗೋಡೆಯಲ್ಲಿ ಅದಕ್ಕೆ ಅಳತೆಯ ಕಿಂಡಿ, ಹೊರಗೆ ಫರಸಿಯ ಕಟ್ಟೆ, ನಲ್ಲಿ, ನೀರು ಹೋಗೋ ಪೈಪ್, ಪ್ಲಗ್, ಎಲ್ಲ ಮೊದಲೇ ಮಾಡಿಸಿ. ಎದುರು ಗೋಡೆಯ ಕಿಟಕಿ ನಾಲ್ಕು ಬೆರಳು ತೆರೆದಿರಲಿ. ಒಳಗಿನ ಗಾಳಿ ಹೊರಗೆ ಹೋಗದಿದ್ದರೆ ಅರ್ಧ ಗಂಟೆಯಲ್ಲಿ ಕೋಣೆ ಜಿಗುಟಾಗುತ್ತದೆ. ಸುಣ್ಣದ ಕಲ್ಲಿನ ನೆಲದ ಬೋರ್ ನೀರು ಗಡಸು, ಪ್ಯಾಡಿಗೆ ಬಿಳಿ ಉಪ್ಪು ಕಟ್ಟುತ್ತದೆ, ಮಳೆ ನೀರು ಇದ್ದರೆ ಕೂಲರಿಗೆ ಅದನ್ನೇ ಬಳಸಿ.

8. ನೆಲಕ್ಕೆ ಏನು ಹಾಕೋದು

ಶಹಾಬಾದ್ ಕಲ್ಲು. ಮುಗೀತು.

ಸರಿ, ಇನ್ನೆರಡು ಮಾತು. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮುಂದೆ ಇದು ಬಡವರ ಕಲ್ಲು ಅನ್ನೋ ಭಾವನೆ ನಮ್ಮಲ್ಲೇ ಇದೆ, ಬೇರೆ ಊರಿನವರು ಲಾರಿ ಬಾಡಿಗೆ ಕೊಟ್ಟು ಒಯ್ಯುತ್ತಾರೆ. ಒಂದೇ ಗಣಿಯ, ಒಂದೇ ಬಣ್ಣದ ಕಲ್ಲು ಆರಿಸಿ, ಅಂಚು ಯಂತ್ರದಲ್ಲಿ ಕೊಯ್ಸಿ, ಸಂದಿ ಕಿರಿದಾಗಿ ಹಾಸಿ ಪಾಲಿಶ್ ಮಾಡಿಸಿ. ಬೂದು, ನಸು ನೀಲಿ ಬಣ್ಣ ಎದ್ದು ಬರುತ್ತದೆ. ಒಂದೇ ಎಚ್ಚರಿಕೆ, ಇದು ಸುಣ್ಣದ ಕಲ್ಲು, ಹುಳಿ ಆಗಿಬರಲ್ಲ. ನಿಂಬೆ ರಸ, ಹುಣಸೆ ನೀರು ಬಿದ್ದು ನಿಂತರೆ ಕಲೆ, ಬಚ್ಚಲು ತೊಳೆಯೋ ಆ್ಯಸಿಡ್ ಬಿದ್ದರೆ ನೊರೆ ಬಂದು ಮೇಲ್ಮೈ ತಿಂದುಹೋಗುತ್ತದೆ. ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕಿ, ಉಳಿದೆಡೆ ಇದು. ಕಪಾಟಿನ ಹಲಗೆ, ಚಜ್ಜಾ, ಮೆಟ್ಟಿಲು, ಕಟ್ಟೆ, ಎಲ್ಲಕ್ಕೂ ಬರುತ್ತದೆ.

9. ನೀರು

ಸಾವಿರ ಚದರ ಅಡಿ ಮಾಳಿಗೆ ಮೇಲೆ 750 ಮಿಲಿಮೀಟರ್ ಮಳೆ ಅಂದರೆ ಸುಮಾರು 70,000 ಲೀಟರ್. ಸೋರಿ, ಆವಿಯಾಗಿ ಹೋಗಿದ್ದು ಬಿಟ್ಟರೂ 55,000ದಷ್ಟು ಹಿಡಿಯಬಹುದು. ಮೊದಲ ಮಳೆಯ ಕೊಳೆ ನೀರು ಬೇರೆ ಹೋಗುವ ಹಾಗೆ ಒಂದು ವಾಲ್ವ್, ಆಮೇಲೆ ಜಲ್ಲಿ, ಉಸುಕಿನ ಸೋಸುಗುಂಡಿ, ಅಲ್ಲಿಂದ ನೆಲದಡಿಯ ಸಂಪು ಟ್ಯಾಂಕಿಗೆ. ಹೆಚ್ಚಾದದ್ದು ಇಂಗುಗುಂಡಿಗೆ. ಎರೆ ನೆಲದಲ್ಲಿ ಇಂಗುಗುಂಡಿ, ಸೆಪ್ಟಿಕ್ ಟ್ಯಾಂಕ್, ಸಂಪು ಯಾವುದೂ ಪಾಯದ ಪಕ್ಕದಲ್ಲಿ ಬೇಡ, ಸೋರಿದರೆ ಆ ಮೂಲೆಯೇ ಏಳುತ್ತದೆ. ಬೀದರ್‌ನ ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿ, ಇದೆ. ನೆಲದಡಿಯ ಕಾಲುವೆಯಲ್ಲಿ ನೀರನ್ನು ಬಿಸಿಲಿಗೆ ತೋರಿಸದೆ ಊರಿಗೆ ತಂದಿದ್ದರು. ಫೋಟೋದಲ್ಲಿನ ತೆರೆದ ಕೊಳವನ್ನು ನಮ್ಮ ಬೇಸಿಗೆಯಲ್ಲಿ ತುಂಬಿಸುತ್ತಾ ಕೂರೋ ಮುಂಚೆ ಅದನ್ನೊಮ್ಮೆ ನೋಡಿ ಬನ್ನಿ. ನೀರಿನ ಆಸೆಗೆ ಅಂಗಳದ ನೆರಳಲ್ಲಿ ಒಂದು ಕಲ್ಲಿನ ಬಾನಿ ಇಟ್ಟರೆ ಗುಬ್ಬಿಗಳಿಗೂ ಆಯಿತು. ಎರಡು ದಿನಕ್ಕೊಮ್ಮೆ ಚೆಲ್ಲಿ ತುಂಬಿ, ಸೊಳ್ಳೆ ಆಗಬಾರದು.

10. ಗಿಡ

ತೆಂಗು, ಅಡಿಕೆ, ಹುಲ್ಲುಹಾಸು ಬೇಡ, ನೀರಿಗೆ ಎಲ್ಲಿ ಹೋಗ್ತೀರಿ? ಬೇವು, ಹೊಂಗೆ ನಮ್ಮವೇ. ಎರಡೂ ಯುಗಾದಿ ಹೊತ್ತಿಗೆ ಹೊಸ ಚಿಗುರಿನಿಂದ ತುಂಬುತ್ತವೆ, ಸರಿಯಾಗಿ ನೆರಳು ಬೇಕಾದಾಗ. ಪಶ್ಚಿಮಕ್ಕೆ ನೆಡಿ. ಆದರೆ ಎರೆ ನೆಲದಲ್ಲಿ ದೊಡ್ಡ ಮರದ ಬೇರು ಪಾಯದ ಕೆಳಗಿನ ತೇವ ಹೀರಿ ಮಣ್ಣನ್ನು ಕುಗ್ಗಿಸುತ್ತದೆ, ಮರ ಎಷ್ಟು ಎತ್ತರ ಬೆಳೆಯುತ್ತದೋ ಸುಮಾರು ಅಷ್ಟೇ ದೂರ ಇರಬೇಕು ಅನ್ನೋದು ರೂಢಿ. ಸಣ್ಣ ಸೈಟಿನಲ್ಲಿ ಇದು ಆಗದ ಮಾತು. ಅದಕ್ಕೆ ಮರವನ್ನು ರಸ್ತೆಯ ಅಂಚಿಗೆ ಕೊಡಿ, ಗೋಡೆಯ ಹತ್ತಿರ ನುಗ್ಗೆ, ದಾಳಿಂಬೆ, ಕರಿಬೇವು, ಮಲ್ಲಿಗೆ ಸಾಕು. ಪಶ್ಚಿಮದ ಗೋಡೆಯಿಂದ ಒಂದು ಅಡಿ ಬಿಟ್ಟು ತಂತಿ ಚೌಕಟ್ಟು ನಿಲ್ಲಿಸಿ ಕಾಗದದ ಹೂವಿನ ಬಳ್ಳಿ ಹಬ್ಬಿಸಿದರೆ ಅದೇ ಜೀವಂತ ಚಜ್ಜಾ, ನೀರೂ ಜಾಸ್ತಿ ಕೇಳಲ್ಲ.

11. ಯಾವಾಗ ಶುರು ಮಾಡೋದು

ಮುಂಗಾರು ಮುಗಿದು, ಎರೆ ನೆಲದಲ್ಲಿ ಕಾಲು ಹೂಳದೆ ಓಡಾಡುವಂತಾದ ಮೇಲೆ, ದಸರಾ–ದೀಪಾವಳಿ ಹೊತ್ತಿಗೆ ಪಾಯ ತೆಗೆಯಿರಿ. ಅಷ್ಟರೊಳಗೆ ಪಾಲಿಕೆ ಅಥವಾ ಪುರಸಭೆಯ ನಕ್ಷೆ ಮಂಜೂರಾತಿ ಕೈಯಲ್ಲಿರಬೇಕು, ಸುತ್ತ ಎಷ್ಟು ಜಾಗ ಬಿಡಬೇಕು ಅನ್ನೋದು ಅದರಲ್ಲೇ ಇರುತ್ತದೆ. ಫೆಬ್ರುವರಿ ಒಳಗೆ ಸ್ಲ್ಯಾಬ್ ಹಾಕಿ ಮುಗಿಸಿದರೆ ಒಳ್ಳೆಯದು. ಎಪ್ರಿಲ್ ಬಿಸಿಲಲ್ಲಿ ಕಾಂಕ್ರೀಟ್ ಹಾಕಿದರೆ ಒಂದೇ ತಾಸಿನಲ್ಲಿ ಮೇಲೆ ಒಣಗಿ ಕೂದಲೆಳೆ ಬಿರುಕು ಬಿಡುತ್ತದೆ, ಟ್ಯಾಂಕರ್ ನೀರಿಗೂ ಪರದಾಟ. ಅನಿವಾರ್ಯ ಆದರೆ ಸಂಜೆ ಶುರು ಮಾಡಿ ರಾತ್ರಿ ಮುಗಿಸಿ, ಒದ್ದೆ ಗೋಣಿಚೀಲ ಹೊದಿಸಿ, ಮರುದಿನ ಮಣ್ಣಿನ ಒಡ್ಡು ಕಟ್ಟಿ ಕಡಿಮೆಯೆಂದರೂ ಹತ್ತು ದಿನ ನೀರು ನಿಲ್ಲಿಸಿ. ಗೌಂಡಿ ಜೊತೆ ಮಾತಾಡುವಾಗ ಪ್ಲಿಂತ್ ಬೀಮ್ ಕೆಳಗಿನ ಖಾಲಿ ಜಾಗ, ಕಲ್ಲಿನ ಗೋಡೆಯ ಅಡ್ಡ ಕಲ್ಲು, ವೆಂಟಿಲೇಟರ್, ಕೂಲರ್ ಕಿಂಡಿ, ಈ ನಾಲ್ಕನ್ನೂ ಕಾಗದದ ಮೇಲೆ ಬರೆದು ಕೊಡಿ. ಕೆಲಸದ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗೋದು ಇವೇ, ಆಮೇಲೆ ಒಡೆದು ಮಾಡಿಸೋಕೆ ಎರಡರಷ್ಟು ಖರ್ಚು.